ಓದುಗರ ಪ್ರಶ್ನೆ, ನಮ್ಮ ಉತ್ತರ: ವೇದಿಕೆ ಮೇಲಷ್ಟೇ ಸಿಗುವ ಜನಪ್ರತಿನಿಧಿ

ಜನಪ್ರತಿನಿಧಿಗಳು ಜನರ ಕೈಗೆ ಸಿಗುತ್ತಿಲ್ಲ, ಏರ್ಪಾಡು ಮಾಡಿದ ಸಮಾರಂಭಗಳಲ್ಲಿ ಮಾತ್ರ ಕಾಣುತ್ತಾರೆ ಎಂಬ ದೂರು ಹೊತ್ತ ಪತ್ರಗಳು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಸಾಲಾಗಿ ಬಂದಿವೆ. ಯಾವ ಪಕ್ಷವನ್ನೂ ಹೆಸರಿಸದೆ, ಕೈಯಲ್ಲಿ ಹಿಡಿದು ಬಳಸಬಹುದಾದ ಉತ್ತರಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲ ನಮ್ಮ ಸಾಹೇಬ್ರು ಮುಂಜಾನೆ ಮನಿ ಕಟ್ಟಿ ಮ್ಯಾಲ ಕುಂತು ಎಲ್ಲಾರ ಮಾತು ಕೇಳ್ತಿದ್ರು. ಈಗ ಬರೇ ಸಮಾರಂಭದಾಗ ಕಾಣ್ತಾರ, ಅದೂ ಬ್ಯಾರಿಕೇಡ್ ಆಚಿ. ಕೇಳಿದ್ರ ಭದ್ರತಾ ಅಂತಾರ. ಇದು ಖರೇನ ಭದ್ರತಾನೋ, ಜನರ ಮುಖ ತಪ್ಪಸೂದೋ? ಹೆಂಗ ತಿಳೀಬೇಕ್ರಿ?
(ನವನಗರ, ಹುಬ್ಬಳ್ಳಿ)

ಭದ್ರತೆಯವರಿಗೆ ಬೇಕಾಗಿರುವುದು ಕೈಚೀಲದ ತಪಾಸಣೆ, ಲೋಹಶೋಧಕ ಮತ್ತು ಒಂದಿಷ್ಟು ಅಂತರ. ನಿಮ್ಮ ಮನವಿಯಲ್ಲಿ ಏನು ಬರೆದಿದೆ ಎಂದು ಓದಿ ನೋಡಿ ಒಳಗೆ ಬಿಡುವುದು ಪೊಲೀಸರ ಕೆಲಸವೇ ಅಲ್ಲ. ಆ ಕೆಲಸ ಗೇಟಿನಲ್ಲಿ ನಡೆಯುತ್ತಿದ್ದರೆ ಅಲ್ಲಿ ತಡೆಯುತ್ತಿರುವುದು ಪ್ರಶ್ನೆಯನ್ನು.

ಮೊದಲು ಪ್ರವಾಸ ಕಾರ್ಯಕ್ರಮ ನೋಡಿ. ಸಚಿವರು ಜಿಲ್ಲೆಗೆ ಬರುವ ಮುನ್ನ ಗಂಟೆಗಂಟೆಯ ಪಟ್ಟಿ ಜಿಲ್ಲಾಡಳಿತಕ್ಕೂ ಪೊಲೀಸರಿಗೂ ಬರುತ್ತದೆ. ವಾರ್ತಾ ಇಲಾಖೆಯಿಂದ ಪತ್ರಿಕೆಗಳಿಗೂ ಹೋಗುತ್ತದೆ. ಅದರಲ್ಲಿ 'ಸಾರ್ವಜನಿಕರ ಭೇಟಿ' ಅಥವಾ 'ಅಹವಾಲು ಸ್ವೀಕಾರ' ಎಂದು ಸಮಯ ನಿಗದಿಯಾಗಿದೆಯೇ? ಒಂದು ಪಟ್ಟಿಯಿಂದ ಏನೂ ಹೇಳಲಾಗದು. ಆರು ತಿಂಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಗುದ್ದಲಿ ಪೂಜೆ, ಉದ್ಘಾಟನೆ, ಮದುವೆ ಮಾತ್ರ ಇದ್ದು ಅರ್ಧ ಗಂಟೆಯ ಭೇಟಿಯೂ ಇಲ್ಲದಿದ್ದರೆ ನಿಮ್ಮ ಸಂಶಯ ಸರಿ.

ಎರಡನೆಯದು ಮೈಕು. ವೇದಿಕೆ ಮೇಲೆ ನಾಲ್ಕು ಮೈಕು ಇದ್ದು ಜನರ ನಡುವೆ ಒಂದೂ ಇಲ್ಲದಿದ್ದರೆ ಕೇಳಿಸಿಕೊಳ್ಳುವ ಏರ್ಪಾಡೇ ಇಲ್ಲವೆಂದು ಅರ್ಥ. ಮನವಿ ಪತ್ರ ಯಾರ ಕೈ ಸೇರುತ್ತದೆ ಎಂಬುದನ್ನೂ ಗಮನಿಸಿ. ಆಪ್ತ ಸಹಾಯಕರು ಗೇಟಿನಲ್ಲೇ ಇಸಕೊಂಡು ಕಾರಿನ ಡಿಕ್ಕಿಗೆ ಹಾಕಿದ ಅರ್ಜಿಗೆ ಆವಕ ಸಂಖ್ಯೆ ಬೀಳುವುದಿಲ್ಲ. ಆವಕ ಸಂಖ್ಯೆ ಇಲ್ಲದ ಅರ್ಜಿಯನ್ನು ನಾಳೆ ಯಾರೂ ಹುಡುಕಿ ಕೊಡಲಾರರು.

ಇದೆಲ್ಲ ಹೆಚ್ಚಾಗಲು ಮುಖ್ಯ ಕಾರಣ ಕೈಯಲ್ಲಿರುವ ಫೋನು. ಎಂಟು ದಿನಕ್ಕೊಮ್ಮೆ ಬರುವ ನೀರಿನ ಬಗ್ಗೆ ಒಬ್ಬ ತಾಯಿ ಕೊಡ ಹಿಡಿದು ಕೇಳಿದ ಅರ್ಧ ನಿಮಿಷದ ವಿಡಿಯೋ ಸಂಜೆಯೊಳಗೆ ಇಡೀ ಜಿಲ್ಲೆ ಸುತ್ತುತ್ತದೆ. ಹಿಂದೆ ಅಂಥ ಪ್ರಶ್ನೆ ಕಟ್ಟೆಯ ಮೇಲೆ ಹುಟ್ಟಿ ಕಟ್ಟೆಯ ಮೇಲೇ ಬಗೆಹರಿಯುತ್ತಿತ್ತು. ಜನಪ್ರಿಯತೆ ಇಳಿದಾಗ ಆ ಅರ್ಧ ನಿಮಿಷದ ಭಯ ಹೆಚ್ಚುತ್ತದೆ, ಭಯ ಹೆಚ್ಚಿದಷ್ಟೂ ಬ್ಯಾರಿಕೇಡ್ ಹಿಂದೆ ಸರಿಯುತ್ತದೆ. ಆದರೆ ಕೇಳದೆ ಬಿಟ್ಟ ದೂರು ಅಲ್ಲಿಗೆ ಸಾಯುವುದಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ಸಿಟ್ಟು 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಿನವರೆಗೆ ಹೋಯಿತು. 1983ರ ಚುನಾವಣೆಯಲ್ಲಿ ಆಗಿನ ಆಡಳಿತ ಪಕ್ಷ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಸೋಲಿಗೆ ಹಲವು ಕಾರಣಗಳಿದ್ದವು, ಈ ರೈತ ಬಂಡಾಯ ಅವುಗಳಲ್ಲಿ ದೊಡ್ಡದು.

ಸಮಾವೇಶಕ್ಕೆ 50 ಸಾವಿರ ಜನ ಸೇರಿದ್ದರು ಎಂದು ಹೇಳಿಕೆ ಬಂತು. ಮೈದಾನ ನೋಡಿದರೆ ಅಷ್ಟು ಜನ ಹಿಡಿಯುವಂತೆ ಕಾಣುವುದಿಲ್ಲ. ಎಣಿಸುವ ವಿಧಾನವಿದೆಯೇ? ಇಷ್ಟು ಜನರನ್ನು ಹೇಗೆ ತರುತ್ತಾರೆ?
(ಬೆಟಗೇರಿ)

ವಿಧಾನವಿದೆ, ಶಾಲೆಯ ಗುಣಾಕಾರ ಸಾಕು. 1967ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಿಕೋದ್ಯಮ ಪ್ರಾಧ್ಯಾಪಕರು ರೂಪಿಸಿದ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತಾಗ 4.5 ಚದರ ಅಡಿ, ಅಲುಗಾಡಲೂ ಆಗದಷ್ಟು ಇಕ್ಕಟ್ಟಿನಲ್ಲಿ 2.5 ಚದರ ಅಡಿ.

ಪೆಂಡಾಲಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರೆ ಲೆಕ್ಕ ಇನ್ನೂ ಸುಲಭ. ಒಂದು ಕುರ್ಚಿಗೆ ಅಡ್ಡಕ್ಕೆ 2 ಅಡಿ, ಸಾಲಿನಿಂದ ಸಾಲಿಗೆ 3 ಅಡಿ, ಒಟ್ಟು 6 ಚದರ ಅಡಿ. 300 ಅಡಿ ಉದ್ದ, 200 ಅಡಿ ಅಗಲದ ಜಾಗವೆಂದರೆ 60 ಸಾವಿರ ಚದರ ಅಡಿ. ವೇದಿಕೆ, ಅದರ ಮುಂದೆ ಭದ್ರತೆಗೆಂದು ಖಾಲಿ ಬಿಡುವ ಜಾಗ, ನಡುವಿನ ಓಣಿಗಳಿಗೆ ಕಾಲು ಭಾಗ ಕಳೆಯಿರಿ. ಉಳಿದ 45 ಸಾವಿರವನ್ನು 6ರಿಂದ ಭಾಗಿಸಿದರೆ 7,500 ಕುರ್ಚಿ. ಕುರ್ಚಿ ತೆಗೆದು ಒತ್ತಾಗಿ ನಿಲ್ಲಿಸಿದರೂ 10 ಸಾವಿರ. ಮೈದಾನದ ಅಳತೆ ಬೇಕಾದರೆ ಫೋನಿನ ಗೂಗಲ್ ನಕ್ಷೆಯಲ್ಲಿ ದೂರ ಅಳೆಯುವ ಸೌಲಭ್ಯವಿದೆ, ಒಂದು ಮೂಲೆಯಿಂದ ಇನ್ನೊಂದಕ್ಕೆ ಚುಕ್ಕೆ ಇಟ್ಟರೆ ಅಡಿ-ಮೀಟರಿನಲ್ಲಿ ತೋರಿಸುತ್ತದೆ.

ಬಸ್ಸು ಮತ್ತು ಅಕ್ಕಿಯಿಂದಲೂ ತಾಳೆ ನೋಡಬಹುದು. ಬಸ್ಸಿಗೆ 55 ಜನರಂತೆ 50 ಸಾವಿರ ಜನಕ್ಕೆ 900ಕ್ಕೂ ಹೆಚ್ಚು ಬಸ್ಸು ಬೇಕು. ಅಷ್ಟು ಬಸ್ಸು ಒಂದೇ ದಿನ ಎತ್ತಿದರೆ ಹಳ್ಳಿಗಳ ಟ್ರಿಪ್ಪು ನಿಂತು ಇಡೀ ಜಿಲ್ಲೆಗೆ ಗೊತ್ತಾಗುತ್ತದೆ. ಪಲಾವ್ ಪೊಟ್ಟಣಕ್ಕೆ ತಲಾ 100 ಗ್ರಾಂ ಅಕ್ಕಿ ಎಂದರೆ 50 ಕ್ವಿಂಟಲ್, ಅಂದರೆ 25 ಕಿಲೋದ 200 ಚೀಲ. ಅಡುಗೆಯವರಲ್ಲಿ ವಿಚಾರಿಸಿದರೆ ನಿಜ ಅಂಕಿ ಹೊರಬರುತ್ತದೆ, ಅವರು ಚೀಲ ಎಣಿಸಿಯೇ ಹಣ ಪಡೆಯುವವರು.

ತರುವ ಬಗೆ ಹೀಗೆ: ಒಂದು ವಾರ ಮೊದಲು ಪೂರ್ವಭಾವಿ ಸಭೆ ಕರೆದು ತಾಲ್ಲೂಕಿಗೆ ಇಷ್ಟು, ಪಂಚಾಯತಿಗೆ ಇಷ್ಟು ಎಂದು ಗುರಿ ಹಂಚುತ್ತಾರೆ. ಸರ್ಕಾರಿ ಕಾರ್ಯಕ್ರಮವಾದರೆ 'ಫಲಾನುಭವಿಗಳ ಸಮಾವೇಶ' ಎಂದು ಹೆಸರು. ಭಾರ ಬೀಳುವುದು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘಗಳ ಮೇಲೆ. ಪಕ್ಷದ ಕಾರ್ಯಕ್ರಮವಾದರೆ ಬೂತ್ ಮುಖಂಡರ ಮೇಲೆ. ಬಸ್ಸನ್ನು ಎರಡು-ಮೂರು ಕಿಲೋಮೀಟರ್ ದೂರ ನಿಲ್ಲಿಸುವುದಕ್ಕೆ ವಾಹನ ದಟ್ಟಣೆಯ ಕಾರಣ ಕೊಡುತ್ತಾರೆ, ಅದು ನಿಜವೂ ಹೌದು. ಆದರೆ ಮಧ್ಯದಲ್ಲಿ ಎದ್ದು ಹೋಗಲು ಜನರಿಗೆ ಆಗದಿರುವುದೂ ಅದರಿಂದಲೇ. ಊಟ ಭಾಷಣಕ್ಕೆ ಮುಂಚೆ ಬಡಿಸಿದರೆ ಅರ್ಧ ಪೆಂಡಾಲ್ ಖಾಲಿಯಾಗುತ್ತದೆಂದು ಪೊಟ್ಟಣವನ್ನು ಕೊನೆಗೆ ಕೊಡುತ್ತಾರೆ. ಗಣ್ಯರು ಎರಡು ತಾಸು ತಡವಾದರೆ ಬಿಸಿಲಲ್ಲಿ ಕುಳಿತ ಮುದುಕಿಯರು, ಬಾಣಂತಿಯರು ಬಳಲುತ್ತಾರೆ. ಇಂಥ ಕಡೆ ಕಟೌಟಿಗೆ ಕೊಡುವ ಗಮನ ಹೆಣ್ಣುಮಕ್ಕಳ ಶೌಚಾಲಯಕ್ಕೆ ಸಿಗುವುದಿಲ್ಲ. ಇದು ಕ್ಷಮಿಸುವಂಥದ್ದಲ್ಲ.

ಬಸ್ಸಿನಲ್ಲಿ ಬಂದವರನ್ನು ಮಾತ್ರ ಹೀಯಾಳಿಸಬೇಡಿ. ಅವರು ಒಂದು ದಿನದ ಕೂಲಿ ಬಿಟ್ಟು ಬಂದವರು, ಅವರಿಗೂ ಸ್ವಂತ ಮನಸ್ಸಿದೆ. ರುಮೇನಿಯಾದ ಬುಖಾರೆಸ್ಟಿನಲ್ಲಿ 1989ರ ಡಿಸೆಂಬರ್ 21ರಂದು ನಿಕೊಲೆ ಚೌಷೆಸ್ಕು ತನ್ನ ಬೆಂಬಲ ತೋರಿಸಲು ಕಾರ್ಖಾನೆಗಳಿಂದ ಕಾರ್ಮಿಕರನ್ನು ಕರೆತಂದು ಚೌಕದಲ್ಲಿ ನಿಲ್ಲಿಸಿದ್ದ. ಭಾಷಣದ ನಡುವೆ ಅದೇ ಜನ ಕೂಗಲು ಶುರುಮಾಡಿದರು, ನೇರ ಪ್ರಸಾರ ಕಡಿದುಹೋಯಿತು, ಮರುದಿನ ಆತ ಹೆಲಿಕಾಪ್ಟರಿನಲ್ಲಿ ಓಡಿಹೋದ. ತಂದು ಕೂರಿಸಿದ ಮಾತ್ರಕ್ಕೆ ಜನ ಒಪ್ಪಿದ್ದಾರೆಂದು ಯಾವ ಮುಖಂಡರೂ ತಿಳಿಯಬಾರದು.

ಸಮಾವೇಶಕ್ಕೆ ಬರದಿದ್ದರೆ ನಿಮ್ಮ ಹಣ ನಿಲ್ಲುತ್ತದೆ, ಸಂಘಕ್ಕೆ ಸಾಲ ಸಿಗುವುದಿಲ್ಲ ಎಂದು ನಮ್ಮ ಸಂಘದವರಿಗೆ ಹೇಳಿದ್ದಾರೆ. ಹೋಗಲೇಬೇಕೇ?
(ಸ್ವಸಹಾಯ ಸಂಘದ ಸದಸ್ಯೆ, ಹಾವೇರಿ ತಾಲ್ಲೂಕು)

ಹೋಗಲೇಬೇಕಿಲ್ಲ ತಾಯಿ. ಯೋಜನೆಯ ಅರ್ಹತೆ ಸರ್ಕಾರಿ ಆದೇಶದಲ್ಲಿ ಬರೆದಿರುತ್ತದೆ: ಪಡಿತರ ಚೀಟಿ, ಆಧಾರ್, ವಯಸ್ಸು, ಆದಾಯ. ಸಭೆಗೆ ಬರಬೇಕೆಂಬ ಷರತ್ತು ಅಲ್ಲಿಲ್ಲ. ಇಷ್ಟವಿದ್ದರೆ ಹೋಗಿ, ಬೆದರಿಕೆಗೆ ಮಣಿದು ಹೋಗಬೇಡಿ.

ಬೆದರಿಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿದ್ದರೆ ಅಳಿಸದೆ ಚಿತ್ರ ತೆಗೆದಿಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದರೆ "ಲಿಖಿತ ಆದೇಶ ಕೊಡ್ರಿ, ಸಂಘದ ಠರಾವು ಪುಸ್ತಕದಾಗ ಹಚ್ಚಿಟ್ಟಕೋತೇವಿ" ಎಂದು ಕೇಳಿ. ಬರವಣಿಗೆ ಕೇಳಿದಾಗ ಬಹಳಷ್ಟು ಬೆದರಿಕೆಗಳು ಅಲ್ಲಿಗೇ ನಿಲ್ಲುತ್ತವೆ. ನಿಲ್ಲದಿದ್ದರೆ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಸಂಘದ ಐದಾರು ಸದಸ್ಯೆಯರು ಸಹಿ ಮಾಡಿದ ದೂರು ಕೊಡಿ. ಒಬ್ಬರೇ ಸಹಿ ಮಾಡಬೇಡಿ, ಒತ್ತಡವೆಲ್ಲ ಒಬ್ಬರ ಮನೆಗೆ ತಿರುಗುತ್ತದೆ. ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಚಿತ್ರ ಹಾಕಿದರೆ 100 ನಿಮಿಷದೊಳಗೆ ಕ್ರಮದ ಮಾಹಿತಿ ಬರಬೇಕು.

ನಮ್ಮೂರಲ್ಲಿ ಸರ್ಕಾರಿ ಸಮಾವೇಶ ನಡೆಯಿತು. ಖರ್ಚೆಷ್ಟಾಯಿತು, ಹಣ ಎಲ್ಲಿಂದ ಬಂತು ಎಂದು ತಿಳಿಯುವುದು ಹೇಗೆ? ಒಮ್ಮೆ ಆರ್‌ಟಿಐ ಹಾಕಿದ್ದೆ, 'ಮಾಹಿತಿ ಲಭ್ಯವಿಲ್ಲ' ಎಂದು ಹಿಂಬರಹ ಬಂತು.
(ಶಿಗ್ಗಾವಿ)

ಬಹಳ ಅರ್ಜಿಗಳು ಮೂರು ಕಾರಣಕ್ಕೆ ಬೀಳುತ್ತವೆ. ಒಂದು, 'ಯಾಕೆ ದುಂದುವೆಚ್ಚ ಮಾಡಿದಿರಿ' ಎಂದು ಕೇಳಿರುತ್ತಾರೆ. ಮಾಹಿತಿ ಹಕ್ಕು ಕಾಯ್ದೆ (ಆರ್‌ಟಿಐ) ಕೊಡಿಸುವುದು ಕಡತದಲ್ಲಿರುವ ದಾಖಲೆಯನ್ನು, ಕಾರಣವನ್ನಲ್ಲ. ಎರಡು, ಇಡೀ ಸಮಾವೇಶದ ಲೆಕ್ಕವನ್ನು ಒಂದೇ ಕಚೇರಿಗೆ ಕೇಳಿರುತ್ತಾರೆ. ಖರ್ಚು ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿರುತ್ತದೆ: ವೇದಿಕೆ, ಜರ್ಮನ್ ಟೆಂಟು ಒಂದು ಕಡೆ, ಬಸ್ಸಿನ ಬಾಡಿಗೆ ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಯಲ್ಲಿ, ಜಾಹೀರಾತು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಲ್ಲಿ, ಕೆಲವು ಸಲ ಬಸ್ಸು-ಊಟದ ಬಿಲ್ಲು ಗ್ರಾಮ ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ. ಮೂರು, ಮರುವಾರವೇ ಹಾಕಿರುತ್ತಾರೆ. ಬಿಲ್ಲು ಪಾಸಾಗಲು ವಾರಗಳು ಬೇಕು, ಅಷ್ಟರಲ್ಲಿ ಕೇಳಿದರೆ 'ಲಭ್ಯವಿಲ್ಲ' ಎಂಬ ಉತ್ತರ ತಾಂತ್ರಿಕವಾಗಿ ಸರಿಯಾಗಿಬಿಡುತ್ತದೆ. ಎರಡು ತಿಂಗಳು ಕಾಯಿರಿ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನಮೂನೆ 'ಎ'ಯಲ್ಲಿ ಬರೆದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ. ಯಾರ ಹೆಸರಿಗೆ ತೆಗೆಯಬೇಕೆಂದು ಆ ಕಚೇರಿಯಲ್ಲೇ ಕೇಳಿಕೊಂಡು ತೆಗೆಯಿರಿ, ತಪ್ಪು ಹೆಸರಿದ್ದರೆ ಅರ್ಜಿ ವಾಪಸು ಬರುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಇಡಿ. ಒಕ್ಕಣೆ ಹೀಗಿರಲಿ:

"ದಿನಾಂಕ ___ ರಂದು ___ ಮೈದಾನದಲ್ಲಿ ನಡೆದ ___ ಸಮಾವೇಶಕ್ಕೆ ಸಂಬಂಧಿಸಿ ತಮ್ಮ ಕಚೇರಿಯಿಂದ ಮಾಡಿದ ವೆಚ್ಚದ ಮಂಜೂರಾತಿ ಆದೇಶ, ಟೆಂಡರ್ ಅಥವಾ ದರಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲು ಮತ್ತು ವೋಚರುಗಳ ದೃಢೀಕೃತ ಪ್ರತಿ ಹಾಗೂ ವೆಚ್ಚ ಭರಿಸಿದ ಲೆಕ್ಕ ಶೀರ್ಷಿಕೆ ಒದಗಿಸಬೇಕು."

ಟೆಂಡರ್ ಕರೆಯದೆ ಕೊಟ್ಟಿದ್ದರೆ, ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ ಯಾವ ಕಲಮಿನಡಿ ವಿನಾಯಿತಿ ಪಡೆದರು ಎಂಬ ಆದೇಶದ ಪ್ರತಿಯನ್ನೂ ಕೇಳಿ. 4(ಜಿ) ವಿನಾಯಿತಿ ಎಂಬ ಹೆಸರು ನೀವು ಕೇಳಿರಬಹುದು, ಅದಕ್ಕೆ ಸರ್ಕಾರದ ಅಧಿಸೂಚನೆಯೇ ಬೇಕು.

30 ದಿನದಲ್ಲಿ ಉತ್ತರ ಬರಬೇಕು. ಕಚೇರಿ ತಪ್ಪಾಗಿದ್ದರೆ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು 6(3)ನೇ ಕಲಮಿನಂತೆ ಅವರದೇ ಹೊಣೆ. 'ನಮ್ಮಲ್ಲಿಲ್ಲ' ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಅವಧಿ ಮೀರಿದರೆ 7(6)ರಂತೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು, ಇಲ್ಲದಿದ್ದರೆ ಪುಟಕ್ಕೆ 2 ರೂಪಾಯಿ. ಉತ್ತರ ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ಕಾಯುವುದು ದೀರ್ಘ. ಹಾಗಾಗಿ ಮೊದಲ ಮೇಲ್ಮನವಿಯಲ್ಲೇ ಶ್ರಮ ಹಾಕಿ, ವಿಚಾರಣೆಗೆ ತಪ್ಪದೆ ಹೋಗಿ, 'ಕಡತ ಪರಿಶೀಲನೆಗೆ ಅವಕಾಶ ಕೊಡಿ' ಎಂದು ಕೇಳಿ. ಕಡತ ಕಣ್ಣಾರೆ ನೋಡಿದರೆ ಯಾವ ಪುಟ ಬೇಕೆಂದು ನಿಮಗೇ ತಿಳಿಯುತ್ತದೆ.

ಫೇಸ್‌ಬುಕ್ಕಿನಲ್ಲಿ ಸಾಹೇಬರು ಅಜ್ಜಿಯ ಅರ್ಜಿ ಓದಿ, ಸ್ಪೀಕರ್ ಹಾಕಿ ಅಧಿಕಾರಿಗೆ ಬೈದು, ಸ್ಥಳದಲ್ಲೇ ಬಗೆಹರಿಸುವ ವಿಡಿಯೋ ಬರುತ್ತವೆ. ನಂಬಬೇಕೇ?
(ರಾಣೆಬೆನ್ನೂರು)

ಬೈಗುಳದಿಂದ ಪಿಂಚಣಿ ಮಂಜೂರಾಗುವುದಿಲ್ಲ, ಆದೇಶದಿಂದ ಆಗುತ್ತದೆ. ಒಂದು ತಿಂಗಳ ನಂತರ ಆ ಅಜ್ಜಿಯ ಕೈಯಲ್ಲಿ ತಹಶೀಲ್ದಾರರ ಮಂಜೂರಾತಿ ಆದೇಶವೋ ಕಾರಣ ಬರೆದ ಹಿಂಬರಹವೋ ಇದ್ದರೆ ಕೆಲಸವಾಗಿದೆ. ಪಾಸ್‌ಬುಕ್ಕಿನಲ್ಲಿ ಹಣ ಜಮೆಯಾಗಿದ್ದರೆ ಸಂಪೂರ್ಣ. ನಿಮ್ಮದೇ ಅರ್ಜಿ ಅಲ್ಲಿ ಕೊಟ್ಟಿದ್ದರೆ ಅದರದೇ ಇನ್ನೊಂದು ಪ್ರತಿಯನ್ನು ಅದೇ ದಿನ ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಕಾಲದ ಸೇವೆಯಾದರೆ ಸ್ವೀಕೃತಿಯ ಮೇಲೆ ಸಂಖ್ಯೆ ಬರುತ್ತದೆ. ಕ್ಯಾಮೆರಾ ಮುಂದೆ ಕೊಟ್ಟ ಪ್ರತಿಯೊಂದನ್ನೇ ನೆಚ್ಚಿಕೊಂಡು ಕೂತವರು ವರ್ಷಗಟ್ಟಲೆ ಅಲೆಯುತ್ತಾರೆ.

ಜನರೆದುರು ಕೂತು ಉತ್ತರಿಸಲೇಬೇಕು ಎಂದು ಕಾನೂನು ಎಲ್ಲಿಯಾದರೂ ಹೇಳುತ್ತದೆಯೇ? ನಮ್ಮೂರ ಗ್ರಾಮ ಸಭೆ ಪುಸ್ತಕದಲ್ಲಿ ಮಾತ್ರ ನಡೆದಿದೆ.
(ಲಕ್ಷ್ಮೇಶ್ವರ ತಾಲ್ಲೂಕು)

ಈ ಸಂಚಿಕೆಯಲ್ಲಿ ಬಂದ ಅತಿ ಮುಖ್ಯ ಪ್ರಶ್ನೆ ಇದು. ಸಮಾವೇಶದಲ್ಲಿ ಯಾರು ಮಾತಾಡಬೇಕೆಂದು ಅವರು ತೀರ್ಮಾನಿಸುತ್ತಾರೆ. ಗ್ರಾಮ ಸಭೆಯಲ್ಲಿ ಹಾಗಾಗದು, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಆ ಸಭೆಯ ಸದಸ್ಯರು. ಬ್ಯಾರಿಕೇಡಿನ ಮುಂದೆ ಕೂಗಿ ದಣಿಯುವ ಶಕ್ತಿಯನ್ನು ಈ ಸಭೆ ನಡೆಸುವುದಕ್ಕೆ ಹಾಕಿ ಎಂದು ನಾವು ಒತ್ತಿ ಹೇಳುತ್ತೇವೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರಂತೆ ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕೋರಂ ಎಂದರೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಇವೆರಡರಲ್ಲಿ ಕಡಿಮೆ ಇರುವುದು. ಶೇ 10ರಷ್ಟು ಸದಸ್ಯರು ವಿಷಯ ನಮೂದಿಸಿ ಬರೆದುಕೊಟ್ಟರೆ ವಿಶೇಷ ಸಭೆ ಕರೆಯಬೇಕು, ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳ ಅಂತರವಿರಬೇಕು.

ಪುಸ್ತಕದಲ್ಲಿ ಮಾತ್ರ ನಡೆದ ಸಭೆಯನ್ನು ಹಿಡಿಯುವುದು ಕಷ್ಟವಲ್ಲ. ನೋಟಿಸು, ಡಂಗುರದ ಖರ್ಚಿನ ವೋಚರು, ಹಾಜರಿ ಸಹಿ ಪುಟ, ನಡಾವಳಿ, ಫೋಟೋ ಇವುಗಳ ಪ್ರತಿ ತೆಗೆಸಿ. ಸಹಿ ಪುಟದಲ್ಲಿ ಒಂದೇ ಕೈಬರಹ, ಊರು ಬಿಟ್ಟು ದುಡಿಯಲು ಹೋದವರ ಸಹಿ, ತೀರಿಹೋದವರ ಹೆಸರು ಸಿಕ್ಕಿದರೆ ಅದೇ ಸಾಕ್ಷಿ. ಉದ್ಯೋಗ ಖಾತ್ರಿ ಸಹಿಗೆಂದು ಮನೆಮನೆಗೆ ತಂದ ಹಾಳೆ ಗ್ರಾಮ ಸಭೆಯ ಹಾಜರಿಯಾಗುವುದೂ ಉಂಟು, ಆದ್ದರಿಂದ ಖಾಲಿ ತಲೆಬರಹದ ಹಾಳೆಗೆ ಸಹಿ ಹಾಕಬೇಡಿ. ಪ್ರತಿಗಳ ಜೊತೆ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಕೊಟ್ಟು ಹೊಸದಾಗಿ ಸಭೆ ಕರೆಸಲು ಕೇಳಿ.

ಸಭೆ ಕೂಡಿದ ಮೇಲೂ ಎಡವಟ್ಟು ಆಗುವುದು ಕೊನೆಯ ಹತ್ತು ನಿಮಿಷದಲ್ಲಿ. ಗದ್ದಲವಾಗಿ ಎಲ್ಲರೂ ಎದ್ದು ಹೋದ ಮೇಲೆ ನಡಾವಳಿ ಬರೆಯುತ್ತಾರೆ, ನಿಮ್ಮ ಪ್ರಶ್ನೆ ಅದರಲ್ಲಿ ಇರುವುದಿಲ್ಲ. ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆದು ತಂದು, ಓದಿ, ಪಿಡಿಒ ಕೈಗೆ ಕೊಟ್ಟು, ನಡಾವಳಿಯಲ್ಲಿ ಸೇರಿಸಿ ಓದಿ ಹೇಳುವವರೆಗೆ ಕೂತಿರಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುವ ಜಮಾಬಂದಿಯನ್ನೂ ಬಿಡಬೇಡಿ, ಹಿಂದಿನ ವರ್ಷದ ಲೆಕ್ಕವನ್ನು ಅಲ್ಲಿ ಜನರ ಮುಂದೆ ಇಡಬೇಕು.

ಊರಿನಿಂದ ಮೇಲೆ ಹೋದರೆ ದಾರಿ ಕಿರಿದಾಗುತ್ತದೆ. 3 ಲಕ್ಷ ಮೀರಿದ ನಗರಗಳಿಗೆ ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿ ಹೇಳುತ್ತದೆ, ಹುಬ್ಬಳ್ಳಿ-ಧಾರವಾಡಕ್ಕೆ ಅದು ಅನ್ವಯ. ವಿಧಾನಮಂಡಲ ವರ್ಷಕ್ಕೆ 60 ದಿನಕ್ಕೆ ಕಡಿಮೆಯಿಲ್ಲದಂತೆ ಸೇರಬೇಕೆಂದು ರಾಜ್ಯ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ನೀವು ಮಾತಾಡಲಾಗದು, ಆದರೆ ಅದರ ನಡಾವಳಿ ಪಡೆಯಬಹುದು.

ಸಚಿವರು ಬರುವ ದಿನ ಕಪ್ಪು ಬಾವುಟ ತೋರಿಸುತ್ತಾರೆಂದು ಮುಂಜಾನೆಯೇ ಪೊಲೀಸರು ಕರೆದೊಯ್ದು ಸಂಜೆ ಬಿಡುತ್ತಾರೆ. ಬಾವುಟ ತೋರಿಸುವುದು ಅಪರಾಧವೇ?
(ವಿದ್ಯಾರ್ಥಿ, ಧಾರವಾಡ)

ಬರೀ ತೋರಿಸುವುದು ಅಪರಾಧವಲ್ಲ. ಕೇರಳ ಹೈಕೋರ್ಟ್ 2024ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ವಾಹನಕ್ಕೆ ಅಡ್ಡ ಬೀಳುವುದು, ಪೊಲೀಸರನ್ನು ತಳ್ಳುವುದು ಬೇರೆ ಮಾತು, ಅದು ಪ್ರಕರಣವಾಗುತ್ತದೆ. ಮುಂಜಾಗ್ರತಾ ಬಂಧನ ನಾಗರಿಕ ಸುರಕ್ಷಾ ಸಂಹಿತೆಯ 170ನೇ ಕಲಮಿನಡಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 151, ಬೇರೆ ಕಾನೂನಿನ ಆಧಾರವಿಲ್ಲದೆ 24 ಗಂಟೆ ಮೀರುವಂತಿಲ್ಲ. ಕರೆದೊಯ್ಯುವಾಗ ಕಾರಣ ಕೇಳಿ, ಮನೆಯವರಿಗೆ ತಿಳಿಸಲು ಹೇಳಿ, ಓದದೆ ಯಾವ ಮುಚ್ಚಳಿಕೆಗೂ ಸಹಿ ಮಾಡಬೇಡಿ.

ಅವರು ಬರದಿದ್ದರೆ ನಾವೇ ಸಭೆ ಕರೆದು ಆಹ್ವಾನಿಸಬಹುದೇ?
(ಮುಳಗುಂದ)

ಖಂಡಿತ. ಅಮೆರಿಕದಲ್ಲಿ 2017ರಲ್ಲೂ 2025ರಲ್ಲೂ ಸಂಸತ್ ಸದಸ್ಯರು ಊರ ಸಭೆಗಳಿಂದ ದೂರ ಉಳಿದಾಗ ಜನರು ಖಾಲಿ ಕುರ್ಚಿ ಇಟ್ಟು ಸಭೆ ನಡೆಸಿದರು. ನಮ್ಮಲ್ಲೂ ಮಾಡಬಹುದು, ಆದರೆ ಅವರು ಬರಲಿ ಎಂಬ ಮನಸ್ಸಿನಿಂದಲೇ ಕರೆಯಿರಿ. ಅಣಕಿಸಲು ಕರೆದ ಸಭೆಗೆ ಯಾರೂ ಬರುವುದಿಲ್ಲ.

ಮೂರು ವಾರ ಮುಂಚೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ಮೂರು ದಿನಾಂಕ ಕೊಟ್ಟು ಅವರೇ ಆರಿಸಲಿ ಎನ್ನಿ. ಪ್ರಶ್ನೆಗಳನ್ನು ಪತ್ರದ ಜೊತೆಗೇ ಕಳಿಸಿ, ಎಂಟಕ್ಕಿಂತ ಹೆಚ್ಚು ಬೇಡ. ತಯಾರಾಗಿ ಬರಲು ಅವಕಾಶ ಕೊಟ್ಟರೆ 'ಅಧಿಕಾರಿಯನ್ನು ಕೇಳಿ ಹೇಳುತ್ತೇನೆ' ಎಂಬ ಉತ್ತರಕ್ಕೆ ಜಾಗವಿರುವುದಿಲ್ಲ. ಸಮುದಾಯ ಭವನವೋ ಗುಡಿಯ ಅಂಗಳವೋ ಎಂದು ನಿರ್ಧರಿಸುವಾಗ ಎಲ್ಲ ಜಾತಿಯವರೂ ಹೆಣ್ಣುಮಕ್ಕಳೂ ಹಿಂಜರಿಯದೆ ಬರುವ ಜಾಗ ನೋಡಿ, ಶಾಲೆಯ ಆವರಣ ಬಹಳ ಸಲ ಒಳ್ಳೆಯದು, ಮುಖ್ಯೋಪಾಧ್ಯಾಯರ ಲಿಖಿತ ಒಪ್ಪಿಗೆ ಪಡೆಯಿರಿ. ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ಬೇಕು, ರಾತ್ರಿ 10ರ ನಂತರ ಹಚ್ಚುವಂತಿಲ್ಲ. ಚುನಾವಣೆ ಘೋಷಣೆಯಾಗಿದ್ದರೆ ಮುಗಿಯುವವರೆಗೆ ತಡೆಯಿರಿ. ಪ್ರಶ್ನೆಗೆ ಒಂದು ನಿಮಿಷ, ಉತ್ತರಕ್ಕೆ ನಾಲ್ಕು ನಿಮಿಷ, ಘೋಷಣೆ ಕೂಗಿದವರನ್ನು ಹೊರಗೆ ಕಳಿಸುವ ಅಧಿಕಾರ ನಿವೃತ್ತ ಶಿಕ್ಷಕರಂಥ ಒಬ್ಬರಿಗೆ ಇರಲಿ. ಮುಗಿದ ಮೇಲೆ ಅವರು ಒಪ್ಪಿದ ಕೆಲಸ ಮತ್ತು ಗಡುವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಕೇಳಿ. ಸಹಿ ಮಾಡದಿದ್ದರೆ ಅದೇ ಹಾಳೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಅವರ ಕಚೇರಿಗೆ ಕಳಿಸಿ, ಒಂದು ಪ್ರತಿಯನ್ನು ಪಂಚಾಯತಿಯ ಗೋಡೆಗೆ ಹಚ್ಚಿ.